ಜಾಹೀರಾತಿಗೂ ಮುಯ್ಯಿ

ತಿಳಿಯದ ಕೆಲಸಕ್ಕೆ ನಾನು ಕೈಹಾಕಿದಾಗೆಲ್ಲ ನಗುವುದಕ್ಕೆ ಊರು ತಯಾರಾಗಿಯೇ ನಿಂತಿರುತ್ತದೆ. ಎಲ್ಲರ ಕೈಗೂ ಮೊಬೈಲ್ ಬಂದು ರೋಣದ ನನ್ನ ಫೋಟೊ ಸ್ಟುಡಿಯೊಗೆ ಬೀಗ ಬಿತ್ತು. ಹೆಂಡತಿಯ ತಮ್ಮನದು ನರಗುಂದದಲ್ಲಿ ಗೊಬ್ಬರದ ಅಂಗಡಿ. 'ಗಲ್ಲಾದ ಮ್ಯಾಲ ಕುಂದ್ರಾಕ ಬರ್ರಿ ಮಾಮಾ' ಎಂದು ಕರೆಯುತ್ತಲೇ ಇದ್ದ. ಅವನ ಕೈಕೆಳಗೆ ದುಡಿಯುವುದೆಂದರೆ ನನಗೆ ಪ್ರಾಣಸಂಕಟ. 'ಯುಗಾದಿತನಕ ತಡಿ, ಬ್ಲಾಗ್ ಬರದು ಗಳಸ್ತೀನಿ. ಆಗಲಿಲ್ಲಂದ್ರ ನಿನ್ನ ತಮ್ಮನ ಅಂಗಡಿಗೆ ಹೋಗ್ತೀನಿ' ಎಂದು ಹೆಂಡತಿಗೆ ಮಾತು ಕೊಟ್ಟೆ. ಬ್ಲಾಗ್ ಅಂದರೇನೆಂದು ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡಿದ್ದೆ.

ಅಂಗಡಿ ಎಲ್ಲೈತಿ?

ಬ್ಲಾಗ್ ಶುರುವಾದ ದಿನ ಅವ್ವ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಓಣಿಯ ಟೇಲರ್ ಚಾಚಾ ಪೇಢೆ ಹಿಡಿದು ಬಂದರು. ಮನೆಯೆಲ್ಲ ಕಣ್ಣಾಡಿಸಿ, 'ಅಂಗಡಿ ಎಲ್ಲೈತ್ರಿ?' ಎಂದರು.

'ಇದರಾಗ' ಎಂದು ಕಂಪ್ಯೂಟರ್ ತೋರಿಸಿದೆ.

'ಏನ್ ಮಾರ್ತೀರಿ?'

'ಏನೂ ಮಾರಂಗಿಲ್ರಿ. ಫೋಟೊ ಹ್ಯಾಂಗ ತಗೀಬೇಕಂತ ಬರೀತೀನಿ.'

'ಓದೋರು ರೊಕ್ಕ ಕೊಡ್ತಾರ?'

'ಇಲ್ರಿ, ಪುಕ್ಕಟೆ.'

ಚಾಚಾ ಪೇಢೆಯ ಡಬ್ಬಿ ನನ್ನ ಕೈಗಿಟ್ಟರು. 'ಹಂಗಾರ ಸ್ಟುಡಿಯೊ ಯಾಕ ಮುಚ್ಚಿದ್ರಿ? ಪುಕ್ಕಟೆ ಕೆಲಸಾ ಅಲ್ಲೇ ಮಾಡಬಹುದಿತ್ತಲ್ರಿ.'

ಅವರು ತಂದ ಪೇಢೆ ತಿಂದೆ.

ಅತ್ತಿಯ ಹಲ್ಲು

ಕೆಲವು ವಾರ ಕಳೆದು ಬರಹದ ನಡುವೆ ಜಾಹೀರಾತು ಕಾಣತೊಡಗಿದವು. ಅವನ್ನು ಯಾರಾದರೂ ಒತ್ತಿದರೆ ಜಾಹೀರಾತಿನ ಕಂಪನಿ ನನಗೆ ದುಡ್ಡು ಕೊಡುತ್ತದಂತೆ. ಯಾಕೆ ಕೊಡುತ್ತದೋ ನನಗಿನ್ನೂ ತಿಳಿದಿಲ್ಲ. ಅಷ್ಟರಲ್ಲಿ ಗಜೇಂದ್ರಗಡದಿಂದ ಸೋದರತ್ತೆಯ ಫೋನು.

'ನಿನ್ನ ಬ್ಲಾಗಿನಾಗ ನನ್ನ ಸೊಸಿಗೆ ಸೀರಿ ತೋರಸ್ತಿ, ನನಗ ಕಟ್ಟಿಸೋ ಹಲ್ಲು ತೋರಸ್ತಿ! ನಾ ನಿನಗೇನ್ ಮಾಡೇನಿ?'

'ನಾ ತೋರಸಂಗಿಲ್ಲ ಅತ್ತಿ. ಯಾರಿಗೇನ್ ಬೇಕಂತ ಕಂಪ್ಯೂಟರಿಗೇ ಗೊತ್ತಾಗ್ತೈತಿ.'

ಸಮಾಧಾನ ಮಾಡಲು ಹೋಗಿ ಇನ್ನಷ್ಟು ಕೆಡಿಸಿದೆ. ಫೋನಿಟ್ಟು ನನ್ನ ಬ್ಲಾಗ್ ತೆರೆದೆ. ನನ್ನ ಬೋಳುತಲೆಗೆ ಕೂದಲಿನೆಣ್ಣೆಯ ಜಾಹೀರಾತು ಕಾದು ಕೂತಿತ್ತು.

ಒತ್ತಿದವರೆಲ್ಲ ನಮ್ಮವರೇ

ಅಬ್ಬಿಗೇರಿಯ ಮದುವೆಯೊಂದರಲ್ಲಿ ಹೆಂಡತಿ, ಜಾಹೀರಾತು ಒತ್ತಿದರೆ ನಮಗೆ ದುಡ್ಡು ಬರುತ್ತದೆಂದು ಬಳಗಕ್ಕೆಲ್ಲ ಹೇಳಿದಳು. ನಮ್ಮಲ್ಲಿ ಯಾರ ಮನೆಯ ಕಾರ್ಯಕ್ಕೂ ಬರಿಗೈಲಿ ಹೋಗುವುದಿಲ್ಲ. ಮುಯ್ಯಿ ಕೊಡುತ್ತೇವೆ, ನಮ್ಮ ಕಾರ್ಯಕ್ಕೆ ತಿರುಗಿ ಪಡೆಯುತ್ತೇವೆ. ಜಾಹೀರಾತಿಗೂ ಹಾಗೇ ಆಯಿತು. ಮುನಿಸು ಮರೆತ ಅತ್ತೆ ದಿನಾ ಪೂಜೆ ಮುಗಿಸಿ ಒತ್ತತೊಡಗಿದರು. ದೂರದ ಬೀಗರೊಬ್ಬರು, 'ಮನಿಮಂದೆಲ್ಲಾ ಒತ್ತೇವ್ರಿ. ನಮ್ಮ ಹುಡುಗ ಏನರ ಶುರು ಮಾಡಿದಾಗ ಮರೀಬ್ಯಾಡ್ರಿ' ಎಂದು ನೆನಪಿಸಿದರು. ಗಳಿಕೆ ಏರಿತು. ಹೆಂಡತಿಯ ತಮ್ಮನಿಗೆ ಫೋನ್ ಮಾಡಿ, 'ಬ್ಯಾರೆ ಆಳು ನೋಡ್ಕೊ' ಎಂದು ಬೀಗಿದೆ.

'ಭಾಳ ಚಲೋ ಆತ್ರಿ ಮಾಮಾ. ನಾನೂ ಕೈಲಾದ್ದು ಮಾಡ್ತೀನಿ' ಎಂದ.

ಯುಗಾದಿ ಹತ್ತಿರ ಬಂದಾಗ ಕಂಪನಿಯಿಂದ ಸಂದೇಶ ಬಂತು: ನಿಮ್ಮ ಜಾಹೀರಾತುಗಳನ್ನು ಬೇಕಂತಲೇ ಒತ್ತಿಸಲಾಗಿದೆ, ಖಾತೆ ಬಂದ್, ದುಡ್ಡಿಲ್ಲ. ಒತ್ತಿದರೆ ಕೊಡುತ್ತೇವೆ ಎಂದವರು ಅವರೇ, ಯಾಕೆ ಒತ್ತಿದಿರಿ ಎನ್ನುವವರೂ ಅವರೇ! ತಲೆ ಕೆಟ್ಟು ಮೊಸರಾಯಿತು. 'ನೀ ಏನ್ ಮಾಡಿದಿ?' ಎಂದು ಹೆಂಡತಿ ತನ್ನ ತಮ್ಮನಿಗೆ ಫೋನ್ ಹಚ್ಚಿ ಕೇಳಿದಳು.

'ಗೊಬ್ಬರಕ್ಕ ಬಂದ ಗಿರಾಕಿಗೆಲ್ಲಾ, ಮೊದಲ ಮಾಮಾನ ಜಾಹೀರಾತು ಒತ್ತು, ಆಮ್ಯಾಲ ಚೀಲಾ ಹೊರು ಅಂದೀನಿ ಅಕ್ಕಾ. ಸಾಲದಂದ್ರ ಹೇಳು, ಇನ್ನೂ ಒತ್ತಸ್ತೀನಿ!'

ಹಬ್ಬ ಮುಗಿಸಿ, ಮುಖ ಗಂಟುಹಾಕಿಕೊಂಡು ನರಗುಂದದ ಗಲ್ಲಾದ ಮೇಲೆ ಕೂತೆ. ಮೊದಲ ಗಿರಾಕಿ ಬಂದ. ಗೊಬ್ಬರ ಕೇಳುವ ಮೊದಲೇ ಜೇಬಿನಿಂದ ಮೊಬೈಲ್ ತೆಗೆದು, ಕನ್ನಡಕ ಏರಿಸಿ, ಹೆಬ್ಬೆರಳು ಎತ್ತಿ ಹಿಡಿದು ವಿನಯದಿಂದ ಕೇಳಿದ:

'ಇವತ್ತ ಎಷ್ಟ ಸಲ ಒತ್ತಬೇಕ್ರಿ?'