ಸುಳ್ಳು ಹೇಳದ ಪರದೆ

ಹೊಸದುರ್ಗದ ನಿರಂಜನನ ಕಂಪ್ಯೂಟರು ಬೆಳಿಗ್ಗೆ ಏಳೂವರೆಗೆ ಎರಡು ಸಲ ಕೆಮ್ಮಿ, ಹಿಂಭಾಗದಿಂದ ಬೀಡಿ ಸೇದಿದಂತೆ ಹೊಗೆ ಬಿಟ್ಟು ತೀರಿಕೊಂಡಿತು. ಆ ಹೊಗೆ ಮತ್ತೋಡಿನವರೆಗೂ ಕಾಣಿಸಿತೆಂದು ಜನ ಹೇಳುತ್ತಾರೆ. ಜನ ಹೇಳದಿದ್ದರೆ ನಾನು ಹೇಳುತ್ತೇನೆ.

ನಿರಂಜನನದು ಫೋಟೋ ಸ್ಟುಡಿಯೋ ಮತ್ತು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬದ ಬ್ಯಾನರಿಗೆ ಅವನನ್ನು ಮೀರಿಸುವವರು ಮೂರು ಜಿಲ್ಲೆಗಳಲ್ಲಿ ಇರಲಿಲ್ಲ. ಎಪ್ಪತ್ತು ದಾಟಿದವರು ಅವನ ಬ್ಯಾನರಿನಲ್ಲಿ ನಲವತ್ತಕ್ಕೆ ಇಳಿಯುತ್ತಿದ್ದರು. ಸುಕ್ಕುಗಳು ಮಾಯವಾಗಿ, ಗರ್ಭಗುಡಿಯಿಂದ ಈಗಷ್ಟೇ ಎದ್ದು ಬಂದಂಥ ಕಳೆ ಮುಖಕ್ಕೆ ಬರುತ್ತಿತ್ತು. ಒಬ್ಬಾಕೆ ಬ್ಯಾನರಿನಲ್ಲಿದ್ದ ಸ್ವಂತ ಗಂಡನನ್ನು ಗುರುತಿಸದೆ ಸೆರಗು ಸರಿಮಾಡಿಕೊಂಡಳಂತೆ. ಇದು ಹೇಗೆ ಎಂದು ಕೇಳಿದರೆ ನಿರಂಜನ ಬಲಗೈ ಎತ್ತಿ, "ಕೈಗುಣ ಕಣ್ರಿ" ಎನ್ನುತ್ತಿದ್ದ.

ಹೊಗೆ ಇನ್ನೂ ಆರಿರಲಿಲ್ಲ, ಫೋನು ಬಂತು. ಮತ್ತೋಡಿನ ಸುತ್ತ ಐದೂರಿಗೆ ಯಜಮಾನರಾದ ದೊಡ್ಡತಿಮ್ಮಪ್ಪನವರು.

"ಇವತ್ತು ಸಂಜೆ ಆರಕ್ಕೆ ಬತ್ತೀನಿ. ನಾಳೆ ನನ್ನ ಹುಟ್ಟುಹಬ್ಬ. ಬ್ಯಾನರ್ ರೆಡಿ ಇರ್ಬೇಕು, ಹೋದ ವರ್ಷದ ಕಳೆ ಇರ್ಬೇಕು. ಬಂದ್ರೆ ನಮ್ಮ ಐದೂರಿನ ಕೆಲ್ಸ ವರ್ಷ ಪೂರ್ತಿ ನಿಂದು. ಇಲ್ದಿದ್ರೆ ನಿನ್ನ ಅಂಗಡಿ ಮುಂದಿನ ರಸ್ತೆ ಎಷ್ಟು ಅಗಲ ಐತೆ ಅಂತ ನಂಗೊತ್ತು."

ಆ ರಸ್ತೆಯ ಆಚೆ ಬದಿಯಲ್ಲಿ ಫಾಜಿಲನ ಸ್ಟುಡಿಯೋ ಇತ್ತು. ಹನ್ನೆರಡು ವರ್ಷಗಳಿಂದ ನಿರಂಜನ ಕಾಯುತ್ತಿದ್ದುದು ಮನೆಯನ್ನಲ್ಲ, ಅಂಗಡಿಯನ್ನಲ್ಲ, ಗಿರಾಕಿಗಳು ದಾಟದಂತೆ ಆ ರಸ್ತೆಯನ್ನು.

ಹೊಗೆ ನೋಡಲು ಮೊದಲು ಓಡಿ ಬಂದವನೂ ಫಾಜಿಲನೇ. "ಅಯ್ಯೋ ಅಣ್ಣ, ಏನಾತು? ನಂದೂ ಪರದೆ ಹೋಗೈತೆ, ಬರೀ ಗೆರೆ ಗೆರೆ" ಎಂದು ನಿಜವಾಗಿಯೂ ಮರುಗಿದ.

ನಿರಂಜನನ ತಲೆಯಲ್ಲಿ ಒಂದು ದುಷ್ಟ ಯೋಚನೆ ಹೊಳೆಯಿತು. ಸತ್ತಿದ್ದು ಡಬ್ಬ ಮಾತ್ರ, ಮಾನಿಟರ್ ಬದುಕಿತ್ತು. ಬದುಕಿದ್ದೂ ಏನು? ಅದರಲ್ಲಿ ಹಗಲು ಸಂಜೆಯಂತೆ ಕಾಣುತ್ತಿತ್ತು, ಮದುಮಗಳು ಇದ್ದಿಲು ಹೊತ್ತು ಬಂದವಳಂತೆ ಕಾಣುತ್ತಿದ್ದಳು. ಇಂಥ ಪರದೆ ಮುಂದೆ ಕೂತರೆ ಫಾಜಿಲ ಜನ್ಮದಲ್ಲಿ ಒಂದು ಮುಖವನ್ನೂ ನೆಟ್ಟಗೆ ಮಾಡಲಾರ!

"ತಗಂಡೋಗು ತಮ್ಮ. ನಾನು ಹೊಸದು ತತ್ತೀನಿ. ಸಾಲ ಅಲ್ಲ ಇದು, ದಾನ" ಎಂದ, ಪಕ್ಕದ ಮೋಟಾರ್ ವೈಂಡಿಂಗ್ ಅಂಗಡಿಯ ಜಂಪಣ್ಣನಿಗೂ ಕೇಳಿಸುವಂತೆ. ಫಾಜಿಲ ಅದನ್ನು ಮಗುವಿನಂತೆ ಎತ್ತಿಕೊಂಡು ರಸ್ತೆ ದಾಟಿದ.

ಹೊಸ ಕಂಪ್ಯೂಟರು ತರಲು ಚಿತ್ರದುರ್ಗಕ್ಕೆ ಹೊರಟ ವ್ಯಾನು ಜಂಪಣ್ಣನದು, ಆದ್ದರಿಂದ ಜಂಪಣ್ಣ ಬಂದ. ಮೆಸ್ಸಿನ ನಿಂಗಕ್ಕ ಯಾಕೆ ಬಂದಳೆಂದು ಯಾರಿಗೂ ಗೊತ್ತಿಲ್ಲ. "ಒಬ್ನೇ ಹೋದ್ರೆ ಮೋಸ ಮಾಡ್ತಾರೆ ಕಣಪ್ಪ, ನಡಿ ಹೋಗಾಣ" ಎಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟಳು. ವ್ಯಾನು ಹೊಳಲ್ಕೆರೆ ದಾಟುವಾಗ ಎಷ್ಟು ಜೋರಾಗಿ ಹೋಯಿತೆಂದರೆ ಹಾರನ್ನಿನ ಸದ್ದು ಹಿಂದೆ ಉಳಿದು, ಐದು ನಿಮಿಷ ಬಿಟ್ಟು ಬಂದು ಸೇರಿಕೊಂಡಿತು.

ಚಿತ್ರದುರ್ಗದ ಕಂಪ್ಯೂಟರು ಅಂಗಡಿಯಲ್ಲಿ ಅಂಬ್ರೀನ್ ಎಂಬಾಕೆ ಬಿಡಿಭಾಗ ಮಾರುವವಳೂ ಹೌದು, ಜೋಡಿಸುವವಳೂ ಹೌದು. ನಿರಂಜನ ಹೊಸದು ಕೊಳ್ಳುವ ಆಸೆಯಲ್ಲಿ ಎಂದೋ ಯೂಟ್ಯೂಬ್ ನೋಡಿ ಬಾಯಿಪಾಠ ಮಾಡಿಟ್ಟಿದ್ದ ಬಿಡಿಭಾಗಗಳ ಪಟ್ಟಿಯೊಂದನ್ನು ಗಂಭೀರವಾಗಿ ಒಪ್ಪಿಸತೊಡಗಿದ. ಮೊದಲನೆಯ ಸಾಲಿಗೇ ಜಂಪಣ್ಣ ಕೈ ಅಡ್ಡ ಹಿಡಿದ.

"ಕರೆಂಟ್ ಕೊಡೋ ಡಬ್ಬ ಮೊದ್ಲು ತೋರ್ಸಮ್ಮ. ತಾಮ್ರದ ವೈಂಡಿಂಗಾ, ಅಲ್ಯೂಮಿನಿಯಮ್ಮಾ?"

"ಇದು ಪಂಪ್‌ಸೆಟ್ ಅಲ್ಲ ಸಾರ್" ಎಂದಳು ಅಂಬ್ರೀನ್.

"ಗೊತ್ತಮ್ಮ. ಆದ್ರೂ ತಾಮ್ರ ತಾಮ್ರನೇ." ಜಂಪಣ್ಣ ಎಂಟು ಡಬ್ಬಗಳನ್ನು ಒಂದೊಂದಾಗಿ ಅಂಗೈಯಲ್ಲಿ ತೂಗಿ, ಎಲ್ಲಕ್ಕಿಂತ ಭಾರದ್ದನ್ನು ಆರಿಸಿದ. ಅದರಿಂದ ಇಡೀ ಬಬ್ಬೂರಿಗೆ ದೀಪ ಹಾಕಬಹುದಿತ್ತು.

ಕ್ಯಾಬಿನೆಟ್ಟು ನಿಂಗಕ್ಕನ ಪಾಲಿಗೆ ಬಂತು. ನಿರಂಜನ ಮೆಚ್ಚಿದ ಗಾಜಿನದನ್ನು ಅವಳು ಹತ್ತಿರವೂ ಸೇರಿಸಲಿಲ್ಲ. "ಒಳಗಿರೋದೆಲ್ಲ ಊರಿಗೆ ಕಾಣ್ತತೆ. ಥೂ! ಮಾನ ಮರ್ವಾದಿ ಬ್ಯಾಡ್ವಾ?" ಕೊನೆಗೆ ಕಬ್ಬಿಣದ್ದೊಂದನ್ನು ಬೆರಳಿನಿಂದ ಕಲ್ಲಂಗಡಿ ಬಡಿದಂತೆ ಬಡಿದು, "ಇದು ಹಣ್ಣಾಗೈತೆ" ಎಂದಳು. ಮೂರು ಫ್ಯಾನಿನ ಗ್ರಾಫಿಕ್ಸ್ ಕಾರ್ಡನ್ನು ನೋಡಿ ಅವಳಿಗೆ ನಿಜವಾಗಿಯೂ ದುಃಖವಾಯಿತು. "ಐವತ್ತು ಜನ ಉಣ್ಣೋ ಮೆಸ್ಸಿಗೆ ಒಂದೇ ಫ್ಯಾನು. ಈ ಹಲಗೆ ತುಂಡಿಗೆ ಮೂರಾ? ಒಂದ್ರದ್ದು ಕೊಡಮ್ಮ."

ಹೀಗೆ ಒಂದೊಂದು ಭಾಗದಲ್ಲೂ ನಿರಂಜನ ಸೋಲುತ್ತ ಬಂದ. ಆದರೆ ಮಾನಿಟರಿನ ಸಾಲು ಬಂದಾಗ ಅವನು ದುರ್ಗದ ಕೋಟೆಯಂತೆ ನಿಂತುಬಿಟ್ಟ.

"ಇದೊಂದ್ರಾಗೆ ಯಾರೂ ಬಾಯಿ ಹಾಕ್ಬ್ಯಾಡ್ರಿ! ಹನ್ನೆರಡು ವರ್ಷ ಆ ಮಂಕು ಪರದೆ ಮುಂದೆ ಕಣ್ಣು ಕಳ್ಕಂಡಿದೀನಿ. ನಂಗೆ ಬಣ್ಣ ಇದ್ದದ್ದು ಇದ್ದಂಗೆ ಕಾಣ್ಬೇಕು."

ಅಂಬ್ರೀನ್ ಮೂಲೆಯಿಂದ ಒಂದು ಪೆಟ್ಟಿಗೆ ತೆಗೆದಳು. "ಹಂಗಾದ್ರೆ ಇದು ಸಾರ್. ಸುಳ್ಳೇ ಹೇಳಲ್ಲ. ನಿಮ್ಮ ಹಳೇದನ್ನೂ ತಂದಿದ್ರೆ ಪಕ್ಕ ಪಕ್ಕ ಇಟ್ಟು ಅಳತೆ ನೋಡ್ಕಬೋದಿತ್ತು. ಕೈ ಅದಕ್ಕೇ ಒಗ್ಗಿರ್ತತೆ ನೋಡ್ರಿ."

"ಅದನ್ನ ದಾನ ಮಾಡ್ದೆ" ಎಂದು ನಿರಂಜನ ನಕ್ಕ. ಅದು ಆ ದಿನದ ಅವನ ಕೊನೆಯ ನಗು.

ಮೂರೂವರೆಗೆ ಹೊಸದುರ್ಗದಲ್ಲಿ ಯಂತ್ರ ಕಣ್ಣು ಬಿಟ್ಟಿತು. ಹಳೆಯದು ಒಂದು ಫೋಟೋ ತೆರೆಯುವಷ್ಟರಲ್ಲಿ ನಿಂಗಕ್ಕನ ಅನ್ನ ಬೇಯುತ್ತಿತ್ತು. ಇದು ಕೇಳುವ ಮುಂಚೆಯೇ ತೆರೆದು ಕಾಯುತ್ತಿತ್ತು. ಪರದೆಯ ಮೇಲೆ ದೊಡ್ಡತಿಮ್ಮಪ್ಪನವರು ಬಂದರು. ಎಂಥ ಬೆಳಕು! ಎಂಥ ಸ್ಪಷ್ಟತೆ! ಬೆಳಕು ಏರಿಸುವ ಅಗತ್ಯವೇ ನಿರಂಜನನಿಗೆ ಕಾಣಲಿಲ್ಲ. ಸುತ್ತ ಎರಡು ಹಾರ, ನಾಲ್ಕು ಪಾರಿವಾಳ, ಶುಭಾಶಯ ಕೋರುವ ಮೂವತ್ತು ಜನರ ಚಿಕ್ಕ ಮುಖಗಳನ್ನು ಕೂರಿಸಿ ಪ್ರಿಂಟಿಗೆ ಕೊಟ್ಟ.

ಆರಕ್ಕೆ ಸರಿಯಾಗಿ ದೊಡ್ಡತಿಮ್ಮಪ್ಪನವರು ಬಂದರು. ಬ್ಯಾನರಿನ ಮುಂದೆ ಬಹಳ ಹೊತ್ತು ನಿಂತರು.

"ಇದ್ಯಾರಪ್ಪ?"

"ನೀವೇ ಯಜಮಾನ್ರೆ."

ಎಪ್ಪತ್ತಮೂರು ವರ್ಷಗಳ ಒಂದೊಂದು ಸುಕ್ಕೂ, ಬಾಲ್ಯದ ಸಿಡುಬಿನ ಒಂದೊಂದು ಕುಳಿಯೂ ಎಂಟಡಿ ಎತ್ತರದಲ್ಲಿ ಹಾಜರಿದ್ದವು. ಗಲ್ಲದ ಕುಳಿಯೊಂದರಲ್ಲಿ ಕುರಿಮರಿ ಮಲಗಬಹುದಿತ್ತು.

"ಕೆಳಗೆ ಶ್ರದ್ಧಾಂಜಲಿ ಅಂತ ಬರೆಯೋದು ಮರ್ತಿದೀಯ" ಎಂದರು ದೊಡ್ಡತಿಮ್ಮಪ್ಪನವರು.

"ಹತ್ತು ನಿಮಿಷ ಕುಂತ್ಕಳ್ರಿ!" ಎಂದು ನಿರಂಜನ ಒಳಗೆ ಓಡಿದ. ಆದರೆ ಎಷ್ಟು ಬೆಳಕು ಏರಿಸಬೇಕು? ಕೈ ಹಳೆಯ ಪರದೆಯ ಕತ್ತಲನ್ನು ಹುಡುಕಿತು, ಸಿಗಲಿಲ್ಲ. ಅಂದಾಜಿನ ಮೇಲೆ ಎಳೆದ. ಹೊರಬಂದ ಎರಡನೆಯ ಬ್ಯಾನರಿನಲ್ಲಿ ಹಾರ ಇತ್ತು, ಪಾರಿವಾಳ ಇದ್ದವು, ನಡುವೆ ಬಿಳಿಯ ಬಯಲಿನಲ್ಲಿ ಒಂದು ಜೊತೆ ಮೀಸೆ ಮಾತ್ರ ಇತ್ತು.

"ಮೊದಲ್ನೇದ್ರಾಗೆ ಸತ್ತಿದ್ದೆ. ಇದ್ರಾಗೆ ಸುಟ್ಟು ಬೂದಿನೂ ಮಾಡಿದೀಯ." ದೊಡ್ಡತಿಮ್ಮಪ್ಪನವರು ಪಂಚೆ ಎತ್ತಿ ಕಟ್ಟಿದರು. ರಸ್ತೆ ದಾಟಿದರು. ನಾಲ್ಕೇ ಹೆಜ್ಜೆ.

ಅರ್ಧ ಗಂಟೆಯ ಮೇಲೆ ಆಚೆ ಬದಿಯಲ್ಲಿ ಒಂದು ಬ್ಯಾನರು ಬಿಚ್ಚಿಕೊಂಡಿತು. ಅದರಲ್ಲಿ ನಲವತ್ತರ ದೊಡ್ಡತಿಮ್ಮಪ್ಪನವರು, ಸುಕ್ಕಿಲ್ಲದೆ, ಕುಳಿಯಿಲ್ಲದೆ, ಗರ್ಭಗುಡಿಯಿಂದ ಎದ್ದು ಬಂದವರಂತೆ ಹೊಳೆಯುತ್ತಿದ್ದರು. ಆ ಹೊಳಪಿಗೆ ಬೀದಿ ದೀಪಗಳು ನಾಚಿ ಆರಿದವು. ನಾನು ಇದನ್ನು ಹೆಚ್ಚು ಮಾಡಿ ಹೇಳುತ್ತಿಲ್ಲ.

ನಿರಂಜನ ತಾನೂ ರಸ್ತೆ ದಾಟಿ ಹೋಗಿ ಫಾಜಿಲನ ಕಿಟಕಿಯಲ್ಲಿ ಇಣುಕಿದ. ಫಾಜಿಲ ಅದೇ ಮಂಕು ಪರದೆಯ ಮುಂದೆ ಕೂತು, ಇನ್ನಾರದೋ ಫೋಟೋ ಹಾಕಿಕೊಂಡು, "ಇನ್ನೂ ಕತ್ಲೆ... ಇನ್ನೂ ಕತ್ಲೆ..." ಎಂದು ಗೊಣಗುತ್ತ ಬೆಳಕು ಏರಿಸುತ್ತಲೇ ಇದ್ದ. ಪರದೆಯಲ್ಲಿ ಮುಖ ಮಾಮೂಲಿನಂತೆ ಕಾಣುವ ಹೊತ್ತಿಗೆ, ಪ್ರಿಂಟಿನಲ್ಲಿ ಅದು ದೇವರಾಗಿ ಹೊರಬರುತ್ತಿತ್ತು. ಹನ್ನೆರಡು ವರ್ಷಗಳ ಕೈಗುಣ ಯಾವುದೆಂದು ನಿರಂಜನನಿಗೆ ಆಗ ತಿಳಿಯಿತು.

"ತಮ್ಮ ಫಾಜಿಲ್, ಅದನ್ನ ಕೊಟ್ಬಿಡು. ಹೊಸದನ್ನ ನೀನೇ ಇಟ್ಕ."

"ದಾನ ಅಂದಿದ್ದಲ್ಲಣ್ಣ, ಜಂಪಣ್ಣನ ಮುಂದೆ? ದಾನ ವಾಪಸ್ ಕೊಟ್ರೆ ನಿಂಗೇ ಒಳ್ಳೇದಲ್ಲ." ಫಾಜಿಲ ಪರದೆಯನ್ನು ಪ್ರೀತಿಯಿಂದ ಸವರಿದ. "ಏನೋ ಬರ್ಕತ್ ಐತೆ ಕಣಣ್ಣ ಇದ್ರಾಗೆ. ನಿನ್ನ ಕೈಗುಣನೇ ಹತ್ತಿರ್ಬೇಕು."

ಒಳಗೆ ಬೆಂಚಿನ ಮೇಲೆ ಆಗಲೇ ಸರದಿ ಇತ್ತು. ಅದರ ಮೊದಲಲ್ಲಿ ಪೌಡರು ಹಚ್ಚಿಕೊಂಡ ಜಂಪಣ್ಣ, ಅವನ ಪಕ್ಕ ಮಲ್ಲಿಗೆ ಮುಡಿದ ನಿಂಗಕ್ಕ. ಅವಳು ಸ್ವಲ್ಪ ಸರಿದು ಜಾಗ ಮಾಡಿದಳು.

"ಬಾರಪ್ಪ, ಕುಂತ್ಕ. ನೀನೂ ಒಂದು ಫೋಟೋ ತೆಗಿಸ್ಕಂಡು ಹೋಗು. ಯಾಕೋ ಇವತ್ತು ನಿನ್ನ ಮುಖದಾಗೆ ಕಳೆನೇ ಇಲ್ಲ."