ಯೆಹೂದಿ ಹುಡುಗಿ ಗೋಲ್ ಕಾಯಬಾರದೇ?

ಸಿಟ್ಟು ಮಾಡಿಕೊಳ್ಳಲು ನನಗೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಫ್ರೀವೇಯಲ್ಲಿ ಅಡ್ಡ ನುಗ್ಗುವವರು, ಮೊಸರನ್ನಕ್ಕೆ ಸಕ್ಕರೆ ಹಾಕುವವರು, ಯಾರಾದರೂ ಸಾಕು. ಆದರೆ ಹೋದ ತಿಂಗಳು ಬಂದ ಸಿಟ್ಟು ಪರರ ಮಗುವಿಗಾಗಿ ಬಂದದ್ದು. ಹಾಗಾಗಿ ಅದಕ್ಕೆ ತೂಕ ಹೆಚ್ಚು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ನಮ್ಮ ಊರು ಪ್ಲೆಸೆಂಟನ್ನಿನಲ್ಲಿ ನನ್ನ ಮಗಳು ನಿಧಿ ಓದುವ ಶಾಲೆಯ ಲೈಬ್ರರಿಯಲ್ಲಿ ಪ್ರತಿ ಬುಧವಾರ ನಾನು ಪುಸ್ತಕ ಜೋಡಿಸುವ ಬಿಟ್ಟಿ ಚಾಕರಿ ಮಾಡುತ್ತೇನೆ. ಐದನೇ ತರಗತಿಯ ಮಕ್ಕಳಿಗೆ, ನಿಮ್ಮಂಥವರೇ ಇರುವ ಒಂದು ಕಥೆಯನ್ನು ಸೋಮವಾರ ಕ್ಲಾಸಿನಲ್ಲಿ ಓದಬೇಕು ಎಂದು ಟೀಚರ್ ಹೇಳಿದ್ದರಂತೆ. ನಿಧಿಯ ಗೆಳತಿ ಎಲಾನಾ, ನಮ್ಮ ಪಕ್ಕದ ಬೀದಿಯ ಯೆಹೂದಿ ಹುಡುಗಿ, ಆ ಬುಧವಾರ ಅರ್ಧ ಗಂಟೆ ಕಪಾಟು ತಡಕಿದಳು. ಸಿಕ್ಕಿದ್ದು ಐದು ಪುಸ್ತಕ. ನಾಲ್ಕರಲ್ಲಿ ಅವಳ ವಯಸ್ಸಿನ ಹುಡುಗಿ ನಾಜಿಗಳಿಗೆ ಹೆದರಿ ಓಡುತ್ತಿದ್ದಾಳೆ. ಐದನೆಯದರಲ್ಲಿ ಅಜ್ಜಿಯ ಜೊತೆ ಹಬ್ಬದ ಮೇಣದಬತ್ತಿ ಹಚ್ಚುತ್ತಿದ್ದಾಳೆ.

"ಆಂಟಿ, ನಾನು ಸಾಕರ್ ಟೀಮಲ್ಲಿ ಗೋಲ್‌ಕೀಪರು. ಹೋಂವರ್ಕ್ ಮರೀತೀನಿ. ಅಂಥವಳು ಒಬ್ಬಳೂ ಇಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಘೋರವನ್ನು ಮಕ್ಕಳು ಓದಲೇಬೇಕು, ಬೇಡ ಎಂದವರ್ಯಾರು? ಆದರೆ ಈ ಮಗು ಪುಸ್ತಕದೊಳಗೆ ಬರಬೇಕಾದರೆ ಒಂದೋ ಜೀವಭಯದಲ್ಲಿ ನಡುಗಬೇಕು, ಇಲ್ಲವೇ ದೀಪ ಹಚ್ಚಬೇಕು ಎಂದರೆ ಇದ್ಯಾವ ನ್ಯಾಯ ಸ್ವಾಮಿ? ಸೈಕಲ್ಲಿನಿಂದ ಬಿದ್ದು ಮಂಡಿ ತರಚಿಕೊಳ್ಳುವ ಭಾಗ್ಯವೂ ಅದಕ್ಕಿಲ್ಲವೇ? ನಮ್ಮ ನಿಧಿಯ ಪಾಡೂ ಅಷ್ಟೇ. ಅವಳಿಗೆ ಸಿಕ್ಕ ಕಥೆಯ ಭಾರತೀಯ ಹುಡುಗಿ ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಮಾವಿನಹಣ್ಣು ತಿಂದು, ಕ್ಲಾಸಿನವರೆದುರು ಊಟದ ಡಬ್ಬಿಯ ಮಸಾಲೆ ವಾಸನೆಗೆ ನಾಚಿಕೊಂಡೂ ಆಗಿತ್ತು. ಲೈಬ್ರರಿಯ ಮೇಡಂಗೆ ಹತ್ತು ನಿಮಿಷ ಭಾಷಣ ಬಿಗಿದೆ. ಆಕೆ ಪಾಪ ಎಲ್ಲ ಕೇಳಿಸಿಕೊಂಡು, ಹಾಗಾದರೆ ನೀವೇ ಒಂದು ಬರೆದುಕೊಡಿ ಎಂದರು. ಎಲಾನಾ ನನ್ನ ಮುಖವನ್ನೇ ನೋಡುತ್ತಿದ್ದಳು. ಹೂಂ ಎಂದುಬಿಟ್ಟೆ.

ಮೂರು ದಿನ ಮನೆಯಲ್ಲಿ ಉಪ್ಪಿಟ್ಟೇ ಗತಿಯಾಯಿತು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಿಂದ ಹಸಿದು ಬಂದ ನನ್ನ ಗಂಡ, ಯೆಹೂದಿ ಮಕ್ಕಳಿಗೆ ನ್ಯಾಯ ಸಿಗುವವರೆಗೆ ನಮಗೆ ಅನ್ನ ಸಾರು ಸಿಗುವುದಿಲ್ಲವೇ ಎಂದು ಕೇಳಿದರು. ಜಗಳವಾಡಲೂ ನನಗೆ ಪುರುಸೊತ್ತಿರಲಿಲ್ಲ.

ಭಾನುವಾರ ಹುಡುಗಿಯರಿಬ್ಬರನ್ನೂ ಸೋಫಾದಲ್ಲಿ ಕೂರಿಸಿ, ಕೈಗೆ ಕೋಡುಬಳೆ ಕೊಟ್ಟು, ಹನ್ನೊಂದು ಪುಟ ಓದಿದೆ. ನಾಯಕಿ ಗೋಲ್‌ಕೀಪರೇ. ಪಂದ್ಯದ ಕೊನೆಯ ನಿಮಿಷ, ಚೆಂಡು ಹಾರಿ ಬರುತ್ತಿದೆ. ಅಷ್ಟರಲ್ಲಿ ಅವಳಿಗೆ ಅಜ್ಜಿಯ ನೆನಪಾಗುತ್ತದೆ. ಅಜ್ಜಿಯ ಟ್ರಂಕು, ಟ್ರಂಕಿನಲ್ಲಿ ಬೆಳ್ಳಿಯ ದೀಪ, ದೀಪದ ಹಬ್ಬ, ಹಬ್ಬದ ತಿಂಡಿ, ತಿಂಡಿ ಕರಿಯುತ್ತಾ ಅಜ್ಜಿ ಹೇಳಿದ ಯುದ್ಧದ ಕಥೆ. ಓದಿ ಮುಗಿಸಿ, ಕಣ್ಣೊರೆಸಿಕೊಂಡು ತಲೆಯೆತ್ತಿದರೆ ನಿಧಿ ಚಾವಣಿ ನೋಡುತ್ತಿದ್ದಳು. ಎಲಾನಾ ಸಂಭಾವಿತ ಹುಡುಗಿ. ಚೆನ್ನಾಗಿದೆ ಆಂಟಿ ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಬಾಲು ಹಿಡಿದಳಾ?"

ಹನ್ನೊಂದು ಪುಟವನ್ನೂ ತಿರುವಿ ಹಾಕಿದೆ. ಎರಡನೇ ಪುಟದಲ್ಲಿ ಹಾರಿದ ಚೆಂಡನ್ನು ನಾನು ಎಲ್ಲಿಯೂ ಕೆಳಗಿಳಿಸಿಯೇ ಇರಲಿಲ್ಲ.