ಹಾಳಾದ ಭರಣಿಗಳ ಪುಟಕ್ಕೆ ಹೋದ ಹೇಳಿಕೆ

ಇಂದು ದೋಸೆ ಹೊಯ್ದೆ, ಬಚ್ಚಲ ಒಲೆಗೆ ಬೆಂಕಿ ಹಾಕಿದೆ, ಉಪ್ಪಿನಕಾಯಿ ಭರಣಿಗಳ ಬಾಯಿಗೆ ಕಟ್ಟಿದ ಬಟ್ಟೆ ಬದಲಿಸಿದೆ, ತೊಂಡೆ ಚಪ್ಪರದ ಹಗ್ಗ ಬಿಗಿದೆ, ಯಜಮಾನರ ಖಾಕಿ ಅಂಗಿಗೆ ಗುಂಡಿ ಹೊಲಿದೆ. ಇದರ ನಡುವೆ ಆಗಾಗ ಫೋನಿಗೆ ಕೈ ಹಾಕಿ, ನೋಡಲು ಧೈರ್ಯ ಸಾಲದೆ, ಅಕ್ಕಿ ಡಬ್ಬದ ಮೇಲೆ ಕವುಚಿ ಇಟ್ಟೆ. ಹಾವಿಗೆ ಹೆದರುವವರನ್ನು ನೋಡಿದ್ದೇನೆ, ಗುಡುಗಿಗೆ ಹೆದರುವವರನ್ನೂ. ನಾನು ಹೆದರಿದ್ದು ನನ್ನದೇ ವೆಬ್‌ಸೈಟಿಗೆ.

ಕಡಬದ ಈ ಮನೆಯಲ್ಲಿ ನಾನು ಮಾವಿನ ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಹಳ್ಳಿಗಳಿಗೆ ಜನರನ್ನು ಕರೆದೊಯ್ಯುವ ಸರ್ವಿಸ್ ಜೀಪು ಓಡಿಸುವ ಯಜಮಾನರು ಅದನ್ನು ತಲುಪಿಸುತ್ತಾರೆ. ಪುತ್ತೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಾದಿನಿ ಶಾಲಿನಿ ನನಗೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದಳು. ಅದು ಹುಡುಕಿದವರಿಗೆ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಗುಂಡ್ಯದಲ್ಲಿ ಹೋಟೆಲು ನಡೆಸುವ ಹಮೀದಣ್ಣ, ಘಾಟಿ ಹತ್ತುವ ಪ್ರಯಾಣಿಕರಿಗೆ ಮಾರಲು ನನ್ನ ಉಪ್ಪಿನಕಾಯಿ ಇಡುವ ಮಾತೆತ್ತಿದರು. "ಫೋನಲ್ಲಿ ಹುಡುಕಿ ನೋಡಿ ಹೇಳ್ತೇನೆ ಅಕ್ಕ" ಎಂದರು. ಅಷ್ಟು ದೊಡ್ಡ ಗಿರಾಕಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಶಾಲಿನಿಗೆ ಫೋನು ಮಾಡಿದೆ.

"ಸೈಟ್‌ಮ್ಯಾಪ್ ಹಾಕ್ಲಿಲ್ಲ ಅತ್ತಿಗೆ. ಸರ್ಚ್ ಇಂಜಿನ್ ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕಿನ ದಾರಿ ಹಿಡಿದು ಹೋಗುದು. ನಿಮ್ಮಲ್ಲಿ ದಾರಿಯೇ ಸರಿ ಇಲ್ಲ. ಇಂಥಿಂಥ ಪುಟ ಉಂಟು, ಬಂದು ನೋಡಿ ಅಂತ ನಾವೇ ಪಟ್ಟಿ ಕೊಡ್ಬೇಕು. ಕೊಟ್ಟ ಕೂಡ್ಲೇ ಸೇರಿಸ್ತದೆ ಅಂತ ಇಲ್ಲ, ಆದ್ರೆ ಬರುದಂತೂ ಬರ್ತದೆ. ಯಾವುದೆಲ್ಲ ಹಾಕುದು?"

ನಮ್ಮಲ್ಲಿ ಮದುವೆಗೆ ಹೇಳಿಕೆ ಎಂದರೆ ಮನೆಮನೆಗೆ ಹೋಗಿ ಬಾಯಾರೆ ಕರೆಯಬೇಕು. ಒಂದು ಮನೆ ಬಿಟ್ಟುಹೋದರೆ ಮುಗಿಯಿತು. ನಮ್ಮ ಮದುವೆಯಲ್ಲಿ ಬಿಟ್ಟುಹೋದ ಜಾಲ್ಸೂರಿನ ಚಿಕ್ಕಮ್ಮ ಇಂದಿಗೂ ನಮ್ಮಲ್ಲಿಗೆ ಬಂದರೆ ನೀರು ಮಾತ್ರ ಕುಡಿಯುತ್ತಾರೆ. ಆ ಅಭ್ಯಾಸದಲ್ಲೇ ಶಾಲಿನಿಗೆ ಹೇಳಿಬಿಟ್ಟೆ, "ಒಂದನ್ನೂ ಬಿಡಬೇಡ."

ಒಂದನ್ನು ಬಿಡಬೇಕಿತ್ತು. ನನಗೆಂದೇ 'ಹಾಳಾದ ಭರಣಿಗಳು' ಎಂಬ ಪುಟವೊಂದನ್ನು ಇಟ್ಟುಕೊಂಡಿದ್ದೆ. ಯಾವುದಕ್ಕೆ ಬೂಷ್ಟು ಬಂತು, ಯಾವುದರ ಮಿಡಿ ಮೆತ್ತಗಾಯಿತು, ಯಾವುದಕ್ಕೆ ಇವರು ಒದ್ದೆ ಚಮಚ ಹಾಕಿದರು, ಎಲ್ಲವನ್ನೂ ಅಲ್ಲಿ ಬರೆಯುತ್ತಿದ್ದೆ. ಬೇರೆ ಯಾವ ಪುಟದಿಂದಲೂ ಅದಕ್ಕೆ ದಾರಿಯಿಲ್ಲ, ಹಾಗಾಗಿ ಯಾರೂ ಬರುವುದಿಲ್ಲ ಎಂದು ನಂಬಿದ್ದೆ.

ನಿನ್ನೆ ನಾನೇ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಆ ಪುಟವೇ ಕಂಡಿತು. ಆಗಲೇ ಶಾಲಿನಿಗೆ ಫೋನು ಮಾಡಿದೆ. ಕೂಡಲೇ ಅದನ್ನು ಪಟ್ಟಿಯಿಂದ ಹೊಡೆದುಹಾಕು ಎಂದರೆ ಶಾಲಿನಿ ನಕ್ಕಳು.

"ಕರೆದಾಯ್ತು, ಬಂದು ಊಟವೂ ಆಯ್ತು. ಈಗ ಪಟ್ಟಿಯಿಂದ ಹೆಸರು ತೆಗೆದ್ರೆ ಎಂತ ಪ್ರಯೋಜನ? ಇದನ್ನು ಸೇರಿಸ್ಬೇಡ ಅಂತ ಆ ಪುಟದಲ್ಲೇ ಸೂಚನೆ ಹಾಕ್ತೇನೆ. ಸರ್ಚ್ ಇಂಜಿನ್ ಇನ್ನೊಮ್ಮೆ ಬಂದಾಗ ಓದಿ ಬಿಟ್ಟುಬಿಡ್ತದೆ."

"ಇನ್ನೊಮ್ಮೆ ಬರ್ಬೇಕಾ?"

"ಬಾರದೆ ಹೇಗೆ ಗೊತ್ತಾಗುದು?"

"ಯಾವಾಗ ಬರ್ತದೆ?"

"ಅದರ ಮನಸ್ಸು ಅತ್ತಿಗೆ."

ಪುಟವನ್ನೇ ಅಳಿಸಲೇ ಎಂದೂ ಕೇಳಿದಳು. ನಾನು ಕಲಿತದ್ದೆಲ್ಲ ಅದರಲ್ಲೇ ಇತ್ತು, ಮನಸ್ಸು ಬರಲಿಲ್ಲ. ಹೀಗೆ, ಬರಬೇಡ ಎಂದು ಹೇಳುವುದಕ್ಕಾಗಿ ಅದು ಬರುವ ದಾರಿ ಕಾಯುವ ಗತಿ ನನ್ನದಾಯಿತು. ಅದು ಮೊದಲು ಬರುತ್ತದೋ, ಹಮೀದಣ್ಣ ಮೊದಲು ಹುಡುಕುತ್ತಾರೋ ಎಂಬ ಹೆದರಿಕೆಯಲ್ಲಿ ಬೆಳಗಿನ ದೋಸೆ ಎರಡು ಸೀದುಹೋದವು.

ಸಂಜೆ ಹಮೀದಣ್ಣನ ಫೋನೇ ಬಂತು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟೆ. ಆಗಷ್ಟೇ ಜೀಪು ನಿಲ್ಲಿಸಿ ಬಂದ ಯಜಮಾನರು ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದರು.

"ನಿಮ್ಮದು ಸಿಕ್ಕಿತು ಅಕ್ಕ. ಹಾಳಾದ್ದನ್ನೇ ಮೊದಲು ತೋರಿಸುದಾ? ಎಂತ ವ್ಯಾಪಾರ ಮಾರಾಯ್ರೆ ಇದು?"

ಆ ಪುಟ ತೆಗೆಸುತ್ತಿದ್ದೇನೆ ಎನ್ನುವಷ್ಟರಲ್ಲಿ ಅವರೇ ಮುಂದುವರಿಸಿದರು.

"ಪೂರ್ತಿ ಓದಿದೆ. ಹೆಚ್ಚಿನದ್ದು ನಿಮ್ಮ ಯಜಮಾನರ ಒದ್ದೆ ಚಮಚದ್ದೇ. ಹತ್ತು ಬಾಟ್ಲಿ ಕಳಿಸಿ, ನೋಡುವ. ಆದ್ರೆ ಅವರು ಜೀಪಲ್ಲೇ ಕೂತ್ಕೊಳ್ಲಿ. ನಾವೇ ಇಳಿಸಿಕೊಳ್ತೇವೆ."

ಫೋನು ಇಟ್ಟ ಮೇಲೆ ಯಜಮಾನರು ಲೋಟ ಕೆಳಗಿಟ್ಟರು.

"ನನ್ನ ಹೆಸರು ಉಂಟಾ ಮಾರಾಯ್ತಿ ಅದ್ರಲ್ಲಿ?"

"ಹೆಸರು ಇಲ್ಲ. 'ಇವರು' ಅಂತ ಉಂಟು."

"ನಿನ್ನ 'ಇವರು' ಯಾರು ಅಂತ ಇಡೀ ಕಡಬಕ್ಕೆ ಗೊತ್ತುಂಟಲ್ಲ. ನಾಳೆ ಜೀಪಿಗೆ ಹತ್ತಿದವರು ತಮಾಷೆ ಮಾಡದೆ ಬಿಡ್ತಾರಾ?"

ರಾತ್ರಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ. ಉಪ್ಪಿನಕಾಯಿಯನ್ನು ಇವರು ಮುಟ್ಟಲಿಲ್ಲ. ಕೈ ತೊಳೆದವರೇ ಜಗಲಿಯಲ್ಲಿ ಕುಳಿತು, ಆ ಪುಟ ಹೋಯಿತೇ ಎಂದು ಫೋನಿನಲ್ಲಿ ಮತ್ತೆ ಮತ್ತೆ ಹುಡುಕತೊಡಗಿದರು. ಎರಡು ದಿನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದವಳು ನಾನು. ಅದೇ ಹೆದರಿಕೆಯನ್ನು ಅವರಿಗೆ ವಹಿಸಿಕೊಟ್ಟು, ಮೊದಲು ನಿದ್ದೆ ಹೋದವಳೂ ನಾನೇ.